ಸಣ್ಣಗಿರುವವರಿಗೂ ಫ್ಯಾಟಿ ಲಿವರ್ ಹೇಗೆ? ಬೊಜ್ಜು, ಇನ್ಸುಲಿನ್, ಲಿವರ್: ಮೊದಲು ಕೆಡೋದು ಯಾವುದು?

ತುಮಕೂರ್_ಟು_ವೈಟ್‌ಫೀಲ್ಡ್

ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟ್ ಬಂತು. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ "ಗ್ರೇಡ್ 1 ಫ್ಯಾಟಿ ಲಿವರ್" ಅಂತ ಇದೆ. ವಯಸ್ಸು 38, ಎತ್ತರ 170 ಸೆಂ.ಮೀ., ತೂಕ 67 ಕೆ.ಜಿ. ಕುಡಿಯೋ ಅಭ್ಯಾಸ ಇಲ್ಲ. ಖಾಲಿ ಹೊಟ್ಟೆ ಶುಗರ್ 104, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಕೊಬ್ಬು) 212, ಎಚ್‌ಡಿಎಲ್ (ಒಳ್ಳೇ ಕೊಲೆಸ್ಟರಾಲ್) 36. ಡಾಕ್ಟ್ರು ರಿಪೋರ್ಟ್ ಮೇಲೆ ಕಣ್ಣಾಡಿಸಿ "ಇನ್ಸುಲಿನ್ ರೆಸಿಸ್ಟೆನ್ಸ್ ಇದೆ, ತೂಕ ಇಳಿಸಿ" ಅಂದು ಮುಂದಿನ ಟೋಕನ್ ಕರೆದ್ರು.

ನಮ್ಮಣ್ಣ 90 ಕೆ.ಜಿ. ಇದ್ದಾನೆ, ಅವನ ಸ್ಕ್ಯಾನಿಂಗ್ ನಾರ್ಮಲ್! ಬೊಜ್ಜಿನಿಂದ ಇನ್ಸುಲಿನ್ ಕೆಡುತ್ತಾ, ಇನ್ಸುಲಿನ್ ಕೆಟ್ಟು ಬೊಜ್ಜು ಬರುತ್ತಾ, ನಡುವೆ ಈ ಲಿವರ್ ಎಲ್ಲಿಂದ ಬಂತು? ಬಲ್ಲವರು ಬಿಡಿಸಿ ಹೇಳಿ. "ಗೂಗಲ್ ಮಾಡು" ಅನ್ನೋರು ದಯವಿಟ್ಟು ಮುಂದೆ ಹೋಗಿ.

ಕಾಫಿ_ಬೈಟು

ವೈಟ್‌ಫೀಲ್ಡ್ ಅಂದ್ಮೇಲೆ ಲಿವರ್ ರಿಪೋರ್ಟ್ ಬೇರೆ ಬೇಕಾ ಗುರೂ. ಹೈದರಾಬಾದಿನ ಐಟಿಯವರನ್ನ ಪರೀಕ್ಷೆ ಮಾಡಿದ್ರೆ 84% ಜನರ ಲಿವರ್‌ನಲ್ಲಿ ಕೊಬ್ಬು ಅಂತ 2025ರಲ್ಲಿ ಪೇಪರ್‌ನಲ್ಲೆಲ್ಲ ಬಂದಿತ್ತಲ್ಲ. ಬಹುಮತದಲ್ಲಿದ್ದೀಯ, ಆರಾಮಾಗಿರು.

ಲ್ಯಾಬ್_ಮನುಷ್ಯ

ಆ 84% ಬರೀ 345 ಜನರ ಲೆಕ್ಕ. ಅವರಲ್ಲಿ ಮುಕ್ಕಾಲು ಪಾಲು ಹತ್ತಿರ ಹತ್ತಿರ ಬೊಜ್ಜಿನವರೇ ಇದ್ರು. ಇಡೀ ಐಟಿ ಜಗತ್ತಿಗೆ ಅದನ್ನ ಅಂಟಿಸೋದು ಬೇಡ. ಹಾಗಂತ ಸುಳ್ಳು ಅಂತಾನೂ ಅಲ್ಲ, ನಮ್ಮ ಲ್ಯಾಬಿಗೆ ಬರೋ ಕಂಪನಿ ಪ್ಯಾಕೇಜ್‌ಗಳಲ್ಲಿ ಟ್ರೈಗ್ಲಿಸರೈಡ್ 200 ದಾಟದ ಗಂಡಸರನ್ನ ಹುಡುಕಬೇಕು.

ಡಾಕ್ಟ್ರು_ಮೈಸೂರು

ನಾನು ಫಿಸಿಷಿಯನ್. ಇಲ್ಲಿ ಬರೆಯೋದು ವಿಷಯ ತಿಳಿಸೋಕೆ, ಚಿಕಿತ್ಸೆಗೆ ನಿಮ್ಮ ವೈದ್ಯರ ಹತ್ರಾನೇ ಹೋಗಿ.

ಮೊದಲು "ಸಣ್ಣಗಿದ್ದೀನಿ" ಅನ್ನೋ ಮಾತು. ನಿಮ್ಮ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 23.2. ರಿಪೋರ್ಟಿನಲ್ಲಿ 25ರವರೆಗೂ ನಾರ್ಮಲ್ ಅಂತ ಅಚ್ಚಾಗಿರುತ್ತೆ, ಅದು ಯುರೋಪಿನವರನ್ನ ನೋಡಿ ಹಾಕಿದ ಗೆರೆ. 2009ರಲ್ಲಿ ನಮ್ಮ ತಜ್ಞರು ಸೇರಿ ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ಇಟ್ಟರು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಇದನ್ನ ಪ್ಯಾಂಟ್ ಸೈಜ್ ನೋಡಿ ಹೇಳಬೇಡಿ. ನಮ್ಮಲ್ಲಿ ಬಹಳ ಜನ ಪ್ಯಾಂಟನ್ನ ಹೊಟ್ಟೆಯ ಕೆಳಗೆ ಹಾಕ್ಕೊಂಡು "34ಏ ಸರ್, ಕಾಲೇಜಿಂದ ಬದಲಾಗಿಲ್ಲ" ಅಂತಾರೆ. ಟೇಪನ್ನ ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಹಿಡಿದು, ಉಸಿರು ಬಿಟ್ಟಾಗ ಅಳೀರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ.

ಈಗ ಇನ್ಸುಲಿನ್. ಅದರ ಕೆಲಸ ಶುಗರ್ ಇಳಿಸೋದು ಅಂತಷ್ಟೇ ಎಲ್ಲರಿಗೂ ಗೊತ್ತು. ಅದಕ್ಕೆ ಮೂರು ಕಡೆ ಅಧಿಕಾರ ಇದೆ. ಸ್ನಾಯುಗೆ "ಸಕ್ಕರೆ ಒಳಗೆ ತಗೋ" ಅನ್ನುತ್ತೆ. ಲಿವರ್‌ಗೆ "ಊಟ ಬಂದಿದೆ, ನೀನು ಸಕ್ಕರೆ ತಯಾರಿಸೋದು ನಿಲ್ಲಿಸು" ಅನ್ನುತ್ತೆ. ಕೊಬ್ಬಿನ ಕೋಶಕ್ಕೆ "ಇಟ್ಟಿದ್ದನ್ನ ಹೊರಗೆ ಬಿಡಬೇಡ" ಅನ್ನುತ್ತೆ. ಇನ್ಸುಲಿನ್ ಪ್ರತಿರೋಧ ಅಂದ್ರೆ ಈ ಮಾತು ಕೇಳಿಸಿಕೊಳ್ಳೋದು ಕಮ್ಮಿಯಾಗೋದು. ಆಗ ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತೆ. ಶುಗರ್ ವರ್ಷಗಟ್ಟಲೆ ನಾರ್ಮಲ್ಲೇ ಇರುತ್ತೆ, ಒಳಗೆ ಇನ್ಸುಲಿನ್ ಮಾತ್ರ ಎರಡು ಪಟ್ಟು, ಮೂರು ಪಟ್ಟು ಇರಬಹುದು.

ಕೊಬ್ಬಿನ ಕೋಶ ಮಾತು ಕೇಳದೇ ಹೋದಾಗ ಲಿವರ್ ಕಥೆ ಶುರು. ಕೊಬ್ಬಿನಾಮ್ಲಗಳು ಹಗಲೂ ರಾತ್ರಿ ರಕ್ತಕ್ಕೆ ಸೋರುತ್ತವೆ, ಲಿವರ್ ಅದನ್ನ ಹೀರಿಕೊಳ್ಳುತ್ತೆ. ಫ್ಯಾಟಿ ಲಿವರ್ ಇದ್ದವರ ಲಿವರ್‌ನಲ್ಲಿರೋ ಕೊಬ್ಬು ಎಲ್ಲಿಂದ ಬಂತು ಅಂತ 2005ರಲ್ಲಿ ಅಮೆರಿಕದಲ್ಲಿ ಗುರುತು ಹಾಕಿ ಲೆಕ್ಕ ಮಾಡಿದ್ದಾರೆ. ಸುಮಾರು 59% ಮೈಯ ಕೊಬ್ಬಿನಿಂದ ಸೋರಿ ಬಂದದ್ದು, 26% ಲಿವರ್ ತಾನೇ ಸಕ್ಕರೆ ಪಿಷ್ಟದಿಂದ ತಯಾರಿಸಿದ್ದು, ತಿಂದ ಎಣ್ಣೆ ತುಪ್ಪದಿಂದ ನೇರ ಬಂದದ್ದು 15%. "ತುಪ್ಪ ಬಿಟ್ಟೆ ಡಾಕ್ಟ್ರೇ, ಆದ್ರೂ ಲಿವರ್‌ನಲ್ಲಿ ಕೊಬ್ಬು" ಅನ್ನೋರಿಗೆ ನಾನು ಈ ಲೆಕ್ಕಾನೇ ಹೇಳೋದು.

ತುಮಕೂರ್_ಟು_ವೈಟ್‌ಫೀಲ್ಡ್

ಸರ್, ಟೇಪ್ ಹಿಡಿದೆ. 93. ಹೆಂಡತಿ ನಗ್ತಾ ಇದ್ದಾಳೆ.

ಒಂದು ಅನುಮಾನ. ಲಿವರ್ ಇನ್ಸುಲಿನ್ ಮಾತು ಕೇಳಲ್ಲ ಅಂದ್ರಿ. ಸಕ್ಕರೆಯಿಂದ ಕೊಬ್ಬು ತಯಾರಿಸೋಕೂ ಇನ್ಸುಲಿನ್ನೇ ಹೇಳಬೇಕಲ್ವಾ? ಕೇಳದೇ ಇದ್ರೆ ಅದೂ ನಿಲ್ಲಬೇಕಿತ್ತು.

ಡಾಕ್ಟ್ರು_ಮೈಸೂರು

ಒಳ್ಳೇ ಪ್ರಶ್ನೆ, ನಮ್ಮ ಪಿಜಿ ಹುಡುಗರೂ ಕೇಳಲ್ಲ ಇದನ್ನ. ಲಿವರ್ ಅರ್ಧ ಕಿವುಡು. ಸಕ್ಕರೆ ತಯಾರಿ ನಿಲ್ಲಿಸು ಅನ್ನೋದು ಕೇಳಿಸಲ್ಲ, ಕೊಬ್ಬು ತಯಾರಿಸು ಅನ್ನೋದು ಚೆನ್ನಾಗೇ ಕೇಳಿಸುತ್ತೆ. ಬ್ರೌನ್ ಮತ್ತು ಗೋಲ್ಡ್‌ಸ್ಟೀನ್, ಕೊಲೆಸ್ಟರಾಲ್ ಕೆಲಸಕ್ಕೆ 1985ರಲ್ಲಿ ನೊಬೆಲ್ ಪಡೆದವರು, 2008ರಲ್ಲಿ ಈ ವೈಚಿತ್ರ್ಯದ ಬಗ್ಗೆ ಬರೆದರು. ಇನ್ಸುಲಿನ್ ಜಾಸ್ತಿಯಾದಷ್ಟೂ ಕೊಬ್ಬಿನ ತಯಾರಿ ಏರುತ್ತೆ, ಬೆಳಗಿನ ಶುಗರ್ ಕೂಡ ಇಳಿಯೋದಿಲ್ಲ. ತಯಾರಾದ ಕೊಬ್ಬಿನಲ್ಲಿ ಒಂದಷ್ಟನ್ನ ಲಿವರ್ ರಕ್ತಕ್ಕೆ ಕಳಿಸುತ್ತೆ, ಅದೇ ನಿಮ್ಮ 212. ಅದು ಏರಿದಾಗ ಎಚ್‌ಡಿಎಲ್ ಇಳಿಯುತ್ತೆ, ಅದೇ ನಿಮ್ಮ 36. ಸ್ಕ್ಯಾನಿಂಗ್ ಮಾಡದೇ ಇದ್ದಿದ್ರೂ ಈ ಎರಡು ಅಂಕಿ, 104, ಆಮೇಲೆ ಆ 93 ನೋಡಿ ನಿಮ್ಮ ಡಾಕ್ಟ್ರು ಹೇಳಿದ್ದನ್ನೇ ನಾನೂ ಹೇಳ್ತಿದ್ದೆ.

ಎಡಿಸನ್‌ನಲ್ಲೊಬ್ಬ

ನ್ಯೂಜೆರ್ಸಿಯಿಂದ. ಇಲ್ಲಿನ ನಮ್ಮ ಕನ್ನಡ ಕೂಟದಲ್ಲಿ ನಲವತ್ತು ದಾಟಿದ ಯಾರನ್ನ ಕೇಳಿದ್ರೂ ಇದೇ ಕಥೆ, ಅದರಲ್ಲಿ ಅರ್ಧ ಜನ ಕಡ್ಡಿಯಂಗಿದ್ದಾರೆ. ಯೇಲ್ ವಿಶ್ವವಿದ್ಯಾಲಯದವರು 2006ರಲ್ಲಿ ಆರೋಗ್ಯವಂತ, ತೆಳ್ಳಗಿನ ಯುವಕರನ್ನ ಜನಾಂಗವಾರು ಹೋಲಿಸಿದ್ರು. ಭಾರತ ಮೂಲದ ಗಂಡಸರಲ್ಲಿ ಇನ್ಸುಲಿನ್ ಪ್ರತಿರೋಧ ಉಳಿದವರಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು ಕಂಡಿತು, ಲಿವರ್ ಕೊಬ್ಬು ಸುಮಾರು ಎರಡು ಪಟ್ಟು. ತೂಕ ಮಾತ್ರ ಎಲ್ಲರದ್ದೂ ಒಂದೇ ಥರ.

ಇದಕ್ಕಿಂತ ಮಜಾ ಪುಣೆಯ ಡಾ. ಯಾಜ್ಞಿಕ್ ಅವರ ಫೋಟೋ. ಅವರೂ ಲಂಡನ್ನಿನ ಡಾ. ಯುಡ್ಕಿನ್ನೂ ಅಕ್ಕಪಕ್ಕ ನಿಂತಿರೋದು, 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ ಕೂಡ 22.3. ಮೈಕೊಬ್ಬು ಒಬ್ಬರದ್ದು 9.1%, ಇನ್ನೊಬ್ಬರದ್ದು 21.2%. ನಮ್ಮವರದ್ದು ಯಾವುದು ಅಂತ ಹೇಳಬೇಕಿಲ್ಲ. ಹುಟ್ಟೋ ಮಗುವಿನಲ್ಲೇ ಇದು ಶುರು ಅಂತ ಯಾಜ್ಞಿಕ್ ಅವರ ವಾದ: ನಮ್ಮ ಮಕ್ಕಳು ಕಮ್ಮಿ ತೂಕದಲ್ಲಿ ಹುಟ್ಟಿದ್ರೂ ಕೊಬ್ಬು ಮಾತ್ರ ಕಮ್ಮಿ ಇರಲ್ಲ, ಕಮ್ಮಿ ಇರೋದು ಸ್ನಾಯು.

ಕಾಫಿ_ಬೈಟು

ಅಂದ್ರೆ ಎಲ್ಲದಕ್ಕೂ ಜೀನ್ಸೇ ಕಾರಣ, ಮಸಾಲೆ ದೋಸೆ ನಿರಪರಾಧಿ. ಕೇಸ್ ಕ್ಲೋಸ್.

ಎಡಿಸನ್‌ನಲ್ಲೊಬ್ಬ

ದೋಸೆಗೆ ಜಾಮೀನು ಸಿಗಬಹುದು, ಬಿಡುಗಡೆ ಇಲ್ಲ.

ಹುಬ್ಬಳ್ಳಿ_ಹುಡುಗಿ

ಡಾಕ್ಟರ್ರೇ, ನಂಗ ಪಿಸಿಓಡಿ, ಅಂದ್ರ ಅಂಡಾಶಯದ ತೊಂದ್ರಿ, ಐತ್ರಿ. ಹತ್ತನೇತ್ತಿ ಇದ್ದಾಗಿಂದ ಕುತ್ತಿಗಿ ಹಿಂದ ಕಪ್ಪಗ ಆಗೇತಿ. ನಮ್ಮವ್ವ ಹೊಲಸು ಅಂತ ತಿಳ್ಕೊಂಡು ಕಡ್ಲಿಹಿಟ್ಟು ಹಚ್ಚಿ ತಿಕ್ಕಿದ್ದ ತಿಕ್ಕಿದ್ದು, ತೊಗಲು ಕೆಂಪಾತು, ಕಪ್ಪು ಹೋಗ್ಲಿಲ್ಲ. ಮೊನ್ನೆ ಚರ್ಮದ ಡಾಕ್ಟರು ನೋಡಿ ಕ್ರೀಮ್ ಕೊಡೋ ಬದ್ಲಿ ಶುಗರ್ ಟೆಸ್ಟ್ ಬರದ್ರು. ಇದಕ್ಕೂ ಇನ್ಸುಲಿನ್‌ಗೂ ಏನ್ ಸಂಬಂಧ ರೀ?

ಡಾಕ್ಟ್ರು_ಮೈಸೂರು

ಆ ಚರ್ಮದ ವೈದ್ಯರಿಗೆ ನನ್ನ ಕಡೆಯಿಂದಲೂ ನಮಸ್ಕಾರ ಹೇಳಿ. ಕುತ್ತಿಗೆ, ಕಂಕುಳಲ್ಲಿ ವೆಲ್ವೆಟ್‌ನಂತೆ ದಪ್ಪಗೆ ಕಪ್ಪಾಗೋದು ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇರೋದರ ಗುರುತು. ಜಾಸ್ತಿ ಇನ್ಸುಲಿನ್ ಚರ್ಮದ ಕೋಶಗಳನ್ನೂ ಬೆಳೆಸುತ್ತೆ, ಅಂಡಾಶಯದಲ್ಲಿ ಗಂಡು ಹಾರ್ಮೋನನ್ನೂ ಹೆಚ್ಚಿಸುತ್ತೆ. ಅದಕ್ಕೇ ಪಿಸಿಓಡಿ, ಕಪ್ಪು ಕುತ್ತಿಗೆ, ಫ್ಯಾಟಿ ಲಿವರ್ ಮೂರೂ ಒಂದೇ ಮನೆಯಲ್ಲಿ ಸಿಗುತ್ತವೆ. ಅದು ಕೊಳೆ ಅಲ್ಲ. ತಿಕ್ಕೋದು ನಿಲ್ಲಿಸಿ, ಅಮ್ಮನಿಗೂ ಹೇಳಿ. ಒಮ್ಮೆ ಲಿವರ್ ಕೂಡ ನೋಡಿಸಿ.

ಕಡಲ_ತಡಿಯವ

ಎಲ್ಲ ಸರಿ ಮಾರಾಯ್ರೆ, ಆದರೆ ಮೊದಲ ಪ್ರಶ್ನೆಗೆ ಉತ್ತರವೇ ಬರಲಿಲ್ಲ. 90 ಕೆ.ಜಿ. ಅಣ್ಣನಿಗೆ ಯಾಕೆ ಏನೂ ಇಲ್ಲ?

ಡಾಕ್ಟ್ರು_ಮೈಸೂರು

ಬರ್ತೀನಿ. ಹಳ್ಳಿ ಮನೆಯ ಕಣಜ ನೆನಪು ಮಾಡ್ಕೊಳ್ಳಿ. ಕಣಜ ದೊಡ್ಡದಿದ್ರೆ ಎಷ್ಟು ರಾಗಿ ಬಂದ್ರೂ ಅದರಲ್ಲೇ ಹಿಡಿಯುತ್ತೆ. ಚಿಕ್ಕದಿದ್ರೆ ಚೀಲಗಳು ಪಡಸಾಲೆಗೆ, ಅಡುಗೆಮನೆಗೆ, ದೇವರ ಮನೆಗೂ ಬರ್ತವೆ. ಚರ್ಮದ ಕೆಳಗಿನ ಕೊಬ್ಬು, ಮುಖ್ಯವಾಗಿ ತೊಡೆ ಮತ್ತು ಪೃಷ್ಠದ್ದು, ನಮ್ಮ ಕಣಜ. ಕೆಲವರಿಗೆ ಹುಟ್ಟಿನಿಂದಲೇ ಅದು ದೊಡ್ಡದು, 90 ಕೆ.ಜಿ. ಆದರೂ ತುಂಬಿಲ್ಲ. ನಿಮ್ಮದು 64ಕ್ಕೋ 65ಕ್ಕೋ ತುಂಬಿರಬಹುದು. ಅಲ್ಲಿಂದ ಮುಂದಿನದ್ದು ಲಿವರ್‌ಗೆ, ಸ್ನಾಯುಗೆ, ಮೇದೋಜೀರಕಕ್ಕೆ. ಇಂಗ್ಲೆಂಡಿನ ನ್ಯೂಕಾಸಲ್‌ನ ಪ್ರೊ. ರಾಯ್ ಟೇಲರ್ ಹೇಳೋದೂ ಇದನ್ನೇ, ಪ್ರತಿಯೊಬ್ಬರಿಗೂ ಅವರದ್ದೇ ಆದ ಕೊಬ್ಬಿನ ಮಿತಿ ಇದೆ ಅಂತ.

ಇದಕ್ಕೆ ನನಗೆ ತೀರಾ ಬಲವಾಗಿ ಕಾಣೋ ಸಾಕ್ಷಿ ಅಂದ್ರೆ ಲಿಪೊಡಿಸ್ಟ್ರೊಫಿ ಅನ್ನೋ ಅಪರೂಪದ ಕಾಯಿಲೆ. ಆ ಮಕ್ಕಳಿಗೆ ಚರ್ಮದ ಕೆಳಗೆ ಕೊಬ್ಬೇ ಇರಲ್ಲ, ನರ, ಸ್ನಾಯು ಎಲ್ಲ ಎದ್ದು ಕಾಣುತ್ತೆ. ಬೊಜ್ಜೇ ಎಲ್ಲದಕ್ಕೂ ಮೂಲ ಆಗಿದ್ರೆ ಇವರು ಅತಿ ಆರೋಗ್ಯವಂತರಾಗಬೇಕಿತ್ತು. ಆಗೋದು ಉಲ್ಟಾ: ಭಯಂಕರ ಇನ್ಸುಲಿನ್ ಪ್ರತಿರೋಧ, ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ, ದೊಡ್ಡ ಕೊಬ್ಬಿನ ಲಿವರ್. ಕೊಬ್ಬು ಜಾಸ್ತಿಯಾಗೋದಕ್ಕಿಂತ ಅದಕ್ಕೆ ಇರಬೇಕಾದ ಜಾಗ ಇಲ್ಲದಿರೋದೇ ತೊಂದರೆ.

ಅಣ್ಣನಿಗೆ ಪೂರ್ತಿ ಕ್ಲೀನ್ ಚಿಟ್ ಕೊಡಬೇಡಿ. ಲಿವರ್‌ನಲ್ಲಿ ಕೊಬ್ಬು 5% ದಾಟಿದರೇ ಅದು ಫ್ಯಾಟಿ ಲಿವರ್, ಮಾಮೂಲಿ ಸ್ಕ್ಯಾನಿಂಗ್‌ಗೆ 20–30% ಆಗೋವರೆಗೂ ಖಚಿತವಾಗಿ ಕಾಣೋದಿಲ್ಲ.

ಎಡಿಸನ್‌ನಲ್ಲೊಬ್ಬ

ಡಾಕ್ಟ್ರೇ, ಬಾಣ ಒಂದೇ ದಿಕ್ಕಿಗಿಲ್ಲ ಅನ್ನೋದನ್ನೂ ಸೇರಿಸಿ. ಪಿಎನ್‌ಪಿಎಲ್‌ಎ3 ಅನ್ನೋ ಜೀನ್‌ನ ಒಂದು ರೂಪ ಲಿವರ್‌ನಲ್ಲಿ ಕೊಬ್ಬು ಕೂರಿಸುತ್ತೆ ಅಂತ 2008ರಲ್ಲಿ ಡಲ್ಲಾಸ್‌ನವರು ಕಂಡುಹಿಡಿದ್ರು. ಆ ಜನರಲ್ಲಿ ಲಿವರ್ ಕೊಬ್ಬು ಜಾಸ್ತಿ, ಇನ್ಸುಲಿನ್ ಪ್ರತಿರೋಧ ಮಾತ್ರ ಅದರ ಜತೆ ಏರಿಲ್ಲ. ಹಾಗಾಗಿ ಲಿವರ್‌ನಲ್ಲಿ ಕೊಬ್ಬು ಅಂದಾಕ್ಷಣ ಇನ್ಸುಲಿನ್ ಕೆಟ್ಟಿದೆ ಅಂತ ತೀರ್ಪು ಕೊಡೋಕಾಗಲ್ಲ.

ಡಾಕ್ಟ್ರು_ಮೈಸೂರು

ಒಪ್ಪಿದೆ. ಆದರೆ ನನ್ನ ಓಪಿಡಿಯಲ್ಲಿ ಕೂರೋ ನೂರು ಜನರಲ್ಲಿ ಹೆಚ್ಚಿನವರದ್ದು ಸುತ್ತು ತಿರುಗೋ ಕಥೆ. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್‌ಗೆ ಇನ್ನೂ ಕಿವುಡಾಗುತ್ತೆ, ಇನ್ಸುಲಿನ್ ಇನ್ನೂ ಏರುತ್ತೆ, ಕೊಬ್ಬಿನ ತಯಾರಿ ಇನ್ನೂ ಏರುತ್ತೆ. ಮೊದಲು ಯಾವುದು ಅಂತ ಹುಡುಕೋದಕ್ಕಿಂತ ಎಲ್ಲಿ ಕಡಿಯೋದು ಸುಲಭ ಅಂತ ನೋಡೋದು ಮೇಲು. ಲಿವರ್‌ನಲ್ಲಿ ಸುಲಭ. ಟೇಲರ್ ಅವರ 2011ರ ಪ್ರಯೋಗದಲ್ಲಿ 11 ಸಕ್ಕರೆ ಕಾಯಿಲೆಯವರಿಗೆ ದಿನಕ್ಕೆ 600 ಕ್ಯಾಲರಿ ಆಹಾರ ಕೊಟ್ಟರು. ಒಂದೇ ವಾರದಲ್ಲಿ ಲಿವರ್ ಕೊಬ್ಬು 30% ಇಳಿದು ಬೆಳಗಿನ ಶುಗರ್ ನಾರ್ಮಲ್‌ಗೆ ಬಂತು, ಮೈತೂಕ ಆಗ ಇಳಿದಿದ್ದು ಸುಮಾರು 4 ಕೆ.ಜಿ. ಮನೆಯಲ್ಲಿ ಇದನ್ನ ಮಾಡೋಕೆ ಹೋಗಬೇಡಿ, ಮಾತ್ರೆ ತಗೊಳ್ಳೋರಿಗೆ ಶುಗರ್ ದಿಢೀರ್ ಇಳಿದು ಅಪಾಯ ಆಗುತ್ತೆ.

ಲ್ಯಾಬ್_ಮನುಷ್ಯ

ಈಗ "ಇನ್ಸುಲಿನ್ ಟೆಸ್ಟ್ ಮಾಡಿಸ್ಲಾ" ಅಂತ ಎಲ್ಲ ಓಡಿ ಬರ್ತೀರ. ಇನ್ಸುಲಿನ್ ಪ್ರತಿರೋಧ ಅಂದಾಜಿಸೋ ಹೋಮಾ ಲೆಕ್ಕ ಅಂದ್ರೆ ಖಾಲಿ ಹೊಟ್ಟೆ ಶುಗರ್ ಗುಣಿಸು ಇನ್ಸುಲಿನ್, ಭಾಗಿಸು 405. ಶುಗರ್ 104, ಇನ್ಸುಲಿನ್ 16 ಇದ್ರೆ 4.1. ಸಾಮಾನ್ಯವಾಗಿ 2.5 ದಾಟಿದರೆ ಹೆಚ್ಚು ಅಂತಾರೆ. ಆದರೆ ಇನ್ಸುಲಿನ್ ಅಳೆಯೋ ಕಿಟ್ ಲ್ಯಾಬಿನಿಂದ ಲ್ಯಾಬಿಗೆ ಬೇರೆ, ಅದೇ ರಕ್ತಕ್ಕೆ ಎರಡು ಕಡೆ ಎರಡು ಅಂಕಿ ಬರುತ್ತೆ. ನಮಗೆ ವ್ಯಾಪಾರ ಆಗುತ್ತೆ ನಿಜ, ಆದ್ರೂ ಹೇಳ್ತೀನಿ, ಟೇಪು ಮತ್ತು ಟ್ರೈಗ್ಲಿಸರೈಡ್ ಗೊತ್ತಿದ್ದವರಿಗೆ ಇದು ದುಡ್ಡು ದಂಡ.

ಮನೆಮದ್ದು_ಪ್ರಿಯ

ಇಷ್ಟೆಲ್ಲ ಯಾಕೆ ಸ್ವಾಮಿ. ಬೆಳಗ್ಗೆ ಎದ್ದು ಅಮೃತಬಳ್ಳಿ ಕಷಾಯ, ಒಂದು ಲೋಟ ಕಬ್ಬಿನ ಹಾಲು. ಲಿವರ್ ತೊಳೆದು ಹೋಗುತ್ತೆ. ನಮ್ಮ ಅಜ್ಜ ತೊಂಬತ್ತು ವರ್ಷ ಬದುಕಿದ್ರು.

ಡಾಕ್ಟ್ರು_ಮೈಸೂರು

ಸ್ವಾಮಿ, ಕಬ್ಬಿನ ಹಾಲು ಕಾಮಾಲೆಗೆ ಕುಡಿಸ್ತಿದ್ರು ಅಂತ ಗೊತ್ತು. ಅದರಲ್ಲಿರೋದು ಸಕ್ಕರೆ, ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್, ಫ್ರಕ್ಟೋಸ್ ಬಹುಪಾಲು ಹೋಗಿ ಸೇರೋದು ಲಿವರ್‌ಗೇ, ಅಲ್ಲಿ ಅದು ಕೊಬ್ಬಾಗುತ್ತೆ. ಅಮೃತಬಳ್ಳಿ ವಿಷಯ ಇನ್ನೂ ಗಂಭೀರ. ಕೋವಿಡ್ ಕಾಲದಲ್ಲಿ ದಿನಾ ಕುಡಿದು ಲಿವರ್ ಊದಿಸಿಕೊಂಡು ಬಂದವರ ಬಗ್ಗೆ ಮುಂಬೈ ವೈದ್ಯರು 2021ರಲ್ಲೇ ವರದಿ ಮಾಡಿದ್ದಾರೆ. ಲಿವರ್ ಕೆಟ್ಟವರು ಅದನ್ನ ಮುಟ್ಟಬೇಡಿ.

ಮನೆಮದ್ದು_ಪ್ರಿಯ

ಇಂಗ್ಲಿಷ್ ಮಾತ್ರೆ ತಿಂದು ಲಿವರ್ ಹಾಳಾದವರ ಲೆಕ್ಕ ಯಾರೂ ಹೇಳಲ್ಲ.

ನಿರ್ವಾಹಕ

ಆ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ವಿಷಯಕ್ಕೆ ಬನ್ನಿ.

ಕಡಲ_ತಡಿಯವ

ಊಟದ್ದು ಹೇಳಿ. ನಮ್ಮಲ್ಲಿ ಕುಚ್ಚಲಕ್ಕಿ, ಘಟ್ಟದ ಮೇಲೆ ಮುದ್ದೆ, ಹುಬ್ಬಳ್ಳಿ ಕಡೆ ಜೋಳದ ರೊಟ್ಟಿ. ಯಾವುದು ಒಳ್ಳೆಯದು?

ಡಾಕ್ಟ್ರು_ಮೈಸೂರು

ಮೂರೂ ಪಾಲಿಶ್ ಮಾಡಿದ ಸೋನಾ ಮಸೂರಿಗಿಂತ ಮೇಲು. ಆದರೆ "ರಾಗಿ ತಿಂದ್ರೆ ಶುಗರ್ ಬರಲ್ಲ" ಅನ್ನೋದು ಪೊಳ್ಳು. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಬೇಗನೇ ಸಕ್ಕರೆಯಾಗುತ್ತೆ. ನಮ್ಮ ತಾತಂದಿರು ಮುದ್ದೆ ನುಂಗಿ ಹೊಲಕ್ಕೆ ಹೋಗ್ತಿದ್ರು, ನಾವು ಸೋಫಾಗೆ ಹೋಗ್ತೀವಿ. 2025ರಲ್ಲಿ ಬಂದ ಐಸಿಎಂಆರ್‌ನ ಸಕ್ಕರೆ ಕಾಯಿಲೆ ಅಧ್ಯಯನ ಇಂಡಿಯಾಬ್ ಪ್ರಕಾರ ಭಾರತೀಯರ ಕ್ಯಾಲರಿಯಲ್ಲಿ ಸುಮಾರು 62% ಪಿಷ್ಟ ಸಕ್ಕರೆಯದ್ದೇ. ಧಾನ್ಯ ಬದಲಿಸೋದಕ್ಕಿಂತ ತಟ್ಟೆಯಲ್ಲಿ ಅದರ ಪಾಲು ಇಳಿಸಿ. ಒಂದು ಮುದ್ದೆ ಇದ್ದ ಕಡೆ ಮುಕ್ಕಾಲು, ಜತೆಗೆ ಗಟ್ಟಿ ಬಸ್ಸಾರಿನ ಕಾಳು ಸೊಪ್ಪು, ಮೊಟ್ಟೆ ಅಥವಾ ಮೀನು. ಸಂಜೆ ಐದರ ಬೇಕರಿ ಪ್ರದಕ್ಷಿಣೆ ಬಿಡಿ. ಖಾರಾ ಬನ್, ಹನಿ ಕೇಕ್, ಅದರ ಜತೆ ಸಕ್ಕರೆ ಟೀ. ಅನ್ನಕ್ಕಿಂತ ಹೆಚ್ಚು ಕೊಬ್ಬು ಕೂರೋದು ಅಲ್ಲಿ.

ಸಕ್ಕರೆ ಹಾಕದ ಕಾಫಿ ತೊಂದರೆ ಇಲ್ಲ. ಕಾಫಿ ಕುಡಿಯುವವರಲ್ಲಿ ಲಿವರ್ ಗಾಯದ ಕಲೆ ಕಟ್ಟಿ ಗಟ್ಟಿಯಾಗೋದು ಕಮ್ಮಿ ಅಂತ ಹಲವು ದೇಶಗಳ ಸಮೀಕ್ಷೆಗಳಲ್ಲಿ ಕಂಡಿದೆ.

ಕಾಫಿ_ಬೈಟು

ಈ ಎಳೆಯಲ್ಲಿ ನನಗೆ ಸಿಕ್ಕ ಮೊದಲ ನ್ಯಾಯ.

ತುಮಕೂರ್_ಟು_ವೈಟ್‌ಫೀಲ್ಡ್

ನಾನು ಎಷ್ಟು ಇಳಿಸಬೇಕು ಸರ್? 60ಕ್ಕೆ ಬಂದ್ರೆ ಕೆನ್ನೆ ಒಳಗೆ ಹೋಗಿ ಅಮ್ಮ ಅಳೋಕೆ ಶುರು ಮಾಡ್ತಾರೆ. ಟೀಮಲ್ಲಿ ಇಬ್ಬರು ತೂಕ ಇಳಿಸೋ ಮೌಂಜಾರೊ ಚುಚ್ಚಿಸ್ಕೊತಿದ್ದಾರೆ, ಅದು ಬೇಕಾ?

ಡಾಕ್ಟ್ರು_ಮೈಸೂರು

60 ಬೇಡ. ಕ್ಯೂಬಾದಲ್ಲಿ 293 ರೋಗಿಗಳನ್ನ ಒಂದು ವರ್ಷ ನೋಡಿ 2015ರಲ್ಲಿ ವರದಿ ಮಾಡಿದ್ರು. 10% ಅಥವಾ ಹೆಚ್ಚು ತೂಕ ಇಳಿಸಿದವರಲ್ಲಿ 90% ಜನಕ್ಕೆ ಲಿವರ್ ಉರಿಯೂತ ಹೋಯ್ತು, 45% ಜನರ ಲಿವರ್ ಗಾಯದ ಕಲೆ ಕೂಡ ಇಳೀತು. ಅಷ್ಟು ಇಳಿಸೋಕೆ ಸಾಧ್ಯವಾದದ್ದು ಹತ್ತರಲ್ಲಿ ಒಬ್ಬರಿಗೆ ಮಾತ್ರ, ಅದನ್ನ ಯಾರೂ ಹೇಳಲ್ಲ. ನಿಮ್ಮಂಥ ಬೊಜ್ಜಿಲ್ಲದವರಿಗೆ ಅಷ್ಟು ಬೇಕಾಗಿಲ್ಲ. ಹಾಂಗ್‌ಕಾಂಗ್‌ನ ಅಧ್ಯಯನದಲ್ಲಿ ಇಂಥವರು 3–5% ಇಳಿಸಿದಾಗಲೇ ಅರ್ಧದಷ್ಟು ಜನರ ಲಿವರ್ ಸರಿಹೋಯ್ತು. ನಿಮಗೆ ಅದು ಎರಡರಿಂದ ಮೂರೂವರೆ ಕೆ.ಜಿ.

ಜತೆಗೆ ಸ್ನಾಯು ಬೆಳೆಸಿ. ಕೆಲಸ ಮಾಡೋ ಸ್ನಾಯು ಇನ್ಸುಲಿನ್ ಮಾತಿಗೆ ಕಾಯದೇ ಸಕ್ಕರೆ ಎಳ್ಕೊಳ್ಳುತ್ತೆ. ತೂಕ ಕದಲದಿದ್ರೂ ವ್ಯಾಯಾಮದಿಂದ ಲಿವರ್ ಕೊಬ್ಬು ಇಳಿಯುತ್ತೆ. ರಾತ್ರಿ ಊಟ ಆದ ತಕ್ಷಣ ಕಾಲು ಗಂಟೆ ನಡೀರಿ, ವಾರಕ್ಕೆರಡು ಸಲ ಬೈಠಕ್ಕು, ದಂಡ.

ಚುಚ್ಚುಮದ್ದು ನಿಮಗಲ್ಲ. ಮೌಂಜಾರೊ ಭಾರತಕ್ಕೆ ಬಂದದ್ದು 2025ರ ಮಾರ್ಚ್‌ನಲ್ಲಿ, ಸಕ್ಕರೆ ಕಾಯಿಲೆಗೆ ಮತ್ತು ಬೊಜ್ಜಿಗೆ. ಲಿವರ್‌ಗೇ ಅಂತ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಔಷಧಿಗಳು, 2024ರಲ್ಲಿ ರೆಸ್ಮೆಟಿರೋಮ್, 2025ರಲ್ಲಿ ಸೆಮಾಗ್ಲುಟೈಡ್, ಲಿವರ್ ಗಟ್ಟಿಯಾಗೋಕೆ ಶುರುವಾದವರಿಗೆ. ಮೆಟ್‌ಫಾರ್ಮಿನ್ ಶುಗರ್‌ಗೆ ಒಳ್ಳೇದು, ಲಿವರ್ ವಾಸಿ ಮಾಡಲ್ಲ.

ಲ್ಯಾಬ್_ಮನುಷ್ಯ

ಗಟ್ಟಿಯಾಗಿದೆಯೋ ಇಲ್ಲವೋ ಅಂತ ಅಂದಾಜಿಸೋಕೆ ದುಡ್ಡಿಲ್ಲದ ದಾರಿ ಇದೆ, ಫಿಬ್-4 ಲೆಕ್ಕ. ಎಸ್‌ಜಿಒಟಿ, ಎಸ್‌ಜಿಪಿಟಿ ಅಂದ್ರೆ ರಿಪೋರ್ಟಿನಲ್ಲಿರೋ ಎರಡು ಲಿವರ್ ಎಂಜೈಮ್. ವಯಸ್ಸು ಗುಣಿಸು ಎಸ್‌ಜಿಒಟಿ. ಆಮೇಲೆ ಎಸ್‌ಜಿಪಿಟಿಯ ವರ್ಗಮೂಲ ಗುಣಿಸು ಪ್ಲೇಟ್‌ಲೆಟ್, ಬಂದದ್ದರಿಂದ ಮೊದಲಿನದ್ದನ್ನ ಭಾಗಿಸಿ. ಪ್ಲೇಟ್‌ಲೆಟ್ 2.4 ಲಕ್ಷ ಅಂತಿದ್ರೆ 240 ಅಂತ ಹಾಕಿ, ಇಲ್ಲೇ ಎಲ್ಲರೂ ಎಡವೋದು. 1.3ರ ಕೆಳಗಿದ್ರೆ ಸದ್ಯಕ್ಕೆ ನಿಶ್ಚಿಂತೆ, 2.67ರ ಮೇಲಿದ್ರೆ ತಜ್ಞರ ಹತ್ರ ಹೋಗಲೇಬೇಕು. 65 ದಾಟಿದವರಿಗೆ ಕೆಳಗಿನ ಗೆರೆ 2.

ತುಮಕೂರ್_ಟು_ವೈಟ್‌ಫೀಲ್ಡ್

38, ಎಸ್‌ಜಿಒಟಿ 34, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 2.4 ಲಕ್ಷ. 0.77 ಬಂತು. ಉಸಿರು ಬಂತು.

ಹುಬ್ಬಳ್ಳಿ_ಹುಡುಗಿ

ನಾನೂ ನಮ್ಮಪ್ಪಾರದ್ದು ಹಾಕಿ ನೋಡಿದೆ ರೀ. ವಯಸ್ಸು 68, ಹದಿನೈದು ವರ್ಷದ್ದ ಶುಗರ್ ಐತಿ. ಎಸ್‌ಜಿಒಟಿ 40, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1.6 ಲಕ್ಷ. 2.83 ಬರಾಕತ್ತೈತಿ. ರಿಪೋರ್ಟಿನ್ಯಾಗ ಎಲ್ಲಾ ನಾರ್ಮಲ್ ಅಂತ ಬರದಾರ, ಸ್ಕ್ಯಾನಿಂಗ್‌ನ್ಯಾಗ ಬರೇ ಗ್ರೇಡ್ 1. ನನ್ನ ಲೆಕ್ಕ ತಪ್ಪೈತೇನ್ರಿ?

ಲ್ಯಾಬ್_ಮನುಷ್ಯ

ಲೆಕ್ಕ ಸರಿ ಇದೆ ತಂಗಿ. 2720 ಭಾಗಿಸು 960.

ಡಾಕ್ಟ್ರು_ಮೈಸೂರು

ನೋಡಮ್ಮ, ಗಾಬರಿ ಬೇಡ, ಆದರೆ ತಡ ಮಾಡಬೇಡಿ. ಗ್ರೇಡ್ ಅನ್ನೋದು ಕೊಬ್ಬು ಎಷ್ಟಿದೆ ಅಂತ ಹೇಳುತ್ತೆ, ಗಾಯದ ಕಲೆ ಎಷ್ಟು ಅಂತ ಹೇಳಲ್ಲ. ಲಿವರ್ ಗಟ್ಟಿಯಾಗ್ತಾ ಹೋದಂತೆ ಕೊಬ್ಬು ಕಮ್ಮಿಯಾಗಿ ಗ್ರೇಡ್ ಚೆನ್ನಾಗಿಯೇ ಕಾಣಬಹುದು, ಎಂಜೈಮ್ ಕೂಡ ನಾರ್ಮಲ್ ಇರಬಹುದು. ಬಹಳ ವರ್ಷದ ಶುಗರ್ ಇದ್ದು ಪ್ಲೇಟ್‌ಲೆಟ್ ಇಳೀತಾ ಇದ್ರೆ ನಾನು ಕಾಯಲ್ಲ. ಎರಡು ಮೂರು ವರ್ಷದ ಹಳೇ ರಿಪೋರ್ಟ್ ಇದ್ರೆ ಪ್ಲೇಟ್‌ಲೆಟ್ ಎಷ್ಟಿತ್ತು ನೋಡಿ, ಅದನ್ನೂ ತಗೊಂಡು ಹೊಟ್ಟೆ ಲಿವರ್ ತಜ್ಞರನ್ನ ಈ ವಾರವೇ ಕಾಣಿ. ಅವರು ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಫೈಬ್ರೋಸ್ಕ್ಯಾನ್ ಮಾಡಿಸ್ತಾರೆ, ಸೂಜಿ ಇಲ್ಲ, ನೋವಿಲ್ಲ, ಹತ್ತು ನಿಮಿಷದ ಕೆಲಸ. ಲೆಕ್ಕ ಹೆಚ್ಚು ಬಂದವರಲ್ಲಿ ಎಷ್ಟೋ ಜನರದ್ದು ಅಲ್ಲಿ ಸರಿಯಾಗೇ ಬರುತ್ತೆ, ಅದೂ ನೆನಪಿರಲಿ. ಅಪ್ಪ ಆಗಾಗ ಕುಡಿಯೋ ಅಭ್ಯಾಸ ಇದ್ರೆ ಇವತ್ತಿಂದಲೇ ಬಂದ್. ಕಷಾಯಗಳೂ ಬಂದ್.

ಹುಬ್ಬಳ್ಳಿ_ಹುಡುಗಿ

ಹೂಂ ರೀ ಸರ್. ಗುರುವಾರಕ್ಕ ನಂಬರ್ ಹಚ್ಚೀನಿ. ಖಾಲಿ ಹೊಟ್ಟೀಲೆ ಕರ್ಕೊಂಡು ಹೋಗ್ಬೇಕೇನ್ರಿ?

ಡಾಕ್ಟ್ರು_ಮೈಸೂರು

ಮೂರು ಗಂಟೆ ಏನೂ ತಿಂದಿರಬಾರದು, ಅಷ್ಟು ಸಾಕು. ಅಪ್ಪ ಶುಗರ್ ಮಾತ್ರೆ ತಗೊಳ್ತಾರಲ್ಲ, ಬೆಳಗಿನ ಹೊತ್ತನ್ನೇ ಕೇಳಿ ತಗೊಳ್ಳಿ, ಮುಗಿದ ತಕ್ಷಣ ತಿನ್ನೋಕೆ ಏನಾದ್ರೂ ಕಟ್ಕೊಂಡು ಹೋಗಿ.